ಹಾಲು ಒಡೆದರೆ ಮೊದಲು ಕ್ಯಾನಿನೊಳಗೆ ಕೈಯಾಡಿಸಿ ನೋಡಿ
ಕಿರಾಣಿ ಅಂಗಡಿಯ ಸಾಮಗ್ರಿಯಿಂದಲೇ ಕ್ಯಾನ್, ಬಕೆಟ್, ಕಿಟಕಿ ಗಾಜಿಗೆ ಕಡಿಮೆ ಖರ್ಚಿನ ದ್ರಾವಣಗಳು

– ಪಶುವೈದ್ಯಾಧಿಕಾರಿ



ಬೇಸಿಗೆ ಕಾಲಿಟ್ಟ ಕೂಡಲೇ ನಮಗೆ ಬರುವ ಫೋನ್ ಕರೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಸುತ್ತದೆ. "ಡಾಕ್ಟ್ರೇ, ಸಂಘದಲ್ಲಿ ನಮ್ಮ ಹಾಲು ವಾಪಸ್ ಕಳಿಸಿದ್ರು. ಕಾಯಿಸಿದ್ರೆ ಒಡೀತಿದೆ. ಹಸುಗೆ ಏನೋ ಆಗಿದೆ, ಬಂದು ಒಂದು ಇಂಜೆಕ್ಷನ್ ಹಾಕಿ."

ನಾವು ಬರುತ್ತೇವೆ. ಜ್ವರ ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ, ನಾಲ್ಕು ಮೊಲೆಗಳ ಹಾಲನ್ನೂ ಸಿ.ಎಂ.ಟಿ. ದ್ರಾವಣ ಹಾಕಿ ಪರೀಕ್ಷಿಸುತ್ತೇವೆ. ಕೆಚ್ಚಲು ಬಾವು ಇದ್ದರೆ ಚಿಕಿತ್ಸೆ ಮಾಡಲೇಬೇಕು. ಆದರೆ ಎಷ್ಟೋ ಮನೆಗಳಲ್ಲಿ ಹಸು ಆರೋಗ್ಯವಾಗಿಯೇ ಇರುತ್ತದೆ. ಮೊಲೆಯಿಂದ ನೇರವಾಗಿ ಕಾಯಿಸಿ ತೊಳೆದ ಲೋಟಕ್ಕೆ ಕರೆದು ಕುದಿಸಿದರೆ ಹಾಲು ಒಡೆಯುವುದಿಲ್ಲ. ಅದೇ ಹಾಲು ಮನೆಯ ಕ್ಯಾನಿನಲ್ಲಿ ಒಂದು ಗಂಟೆ ಕೂತರೆ ಒಡೆಯುತ್ತದೆ. ಹಾಗಾದರೆ ಮದ್ದು ಬೇಕಿರುವುದು ಹಸುವಿಗೋ, ಕ್ಯಾನಿಗೋ?

ಒಂದು ಸಣ್ಣ ಪರೀಕ್ಷೆ ಮಾಡಿ. ತೊಳೆದು ಒಣಗಿಸಿಟ್ಟ ನಿಮ್ಮ ಹಾಲಿನ ಕ್ಯಾನ್ ತೆಗೆದುಕೊಳ್ಳಿ. ಒಣಗಿದ ಬೆರಳನ್ನು ಒಳಗೆ, ಕುತ್ತಿಗೆಯ ಕೆಳಗಿನ ತಿರುವಿನಲ್ಲಿ ಆಡಿಸಿ. ನುಣ್ಣಗಿದ್ದರೆ ಸರಿ. ಸಣ್ಣ ಮರಳು ಕಾಗದದ ಹಾಗೆ ತರಿತರಿ ಎನಿಸಿದರೆ, ಅಥವಾ ಹಳದಿ ಮಿಶ್ರಿತ ಬಿಳಿ ಪದರ ಕಂಡರೆ, ಅಲ್ಲಿ ಹಾಲುಗಲ್ಲು ಕಟ್ಟಿದೆ. ಈಗ ಒಂದು ಲೋಟ ನೀರು ಹಾಕಿ ಕ್ಯಾನನ್ನು ಸುತ್ತ ತಿರುಗಿಸಿ ಚೆಲ್ಲಿ. ನೀರು ಒಂದೇ ಹಾಳೆಯಂತೆ ಜಾರಿದರೆ ಪಾತ್ರೆ ಶುದ್ಧವಾಗಿದೆ. ಹನಿಹನಿಯಾಗಿ ಅಲ್ಲಲ್ಲಿ ನಿಂತರೆ ಜಿಡ್ಡು ಉಳಿದಿದೆ. ಕೊನೆಗೆ ಮುಚ್ಚಳ ಹಾಕಿ ಹತ್ತು ನಿಮಿಷ ಬಿಟ್ಟು ತೆರೆದು ಮೂಸಿ ನೋಡಿ. ಹುಳಿ ವಾಸನೆ ಬಂದರೆ ಉತ್ತರ ಸಿಕ್ಕಂತೆಯೇ.

ರೋಗಾಣುಗಳಿಗೆ ಆಹಾರ, ಬೆಚ್ಚಗಿನ ವಾತಾವರಣ ಎರಡೂ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಲೆಕ್ಕ ಹಾಕಿ: ಒಂದು ಗಂಟೆಯಲ್ಲಿ ಒಂದು ಎಂಟಾಗುತ್ತದೆ, ಎರಡು ಗಂಟೆಯಲ್ಲಿ 64, ಮೂರು ಗಂಟೆಯಲ್ಲಿ 512. ಕ್ಯಾನಿನ ತಿರುವಿನಲ್ಲಿ ಹಾಲುಗಲ್ಲಿನ ಸಂದಿಯೊಳಗೆ ಕೂತಿರುವುದು ಒಂದಲ್ಲ, ಲಕ್ಷಗಟ್ಟಲೆ. ಬೆಳಿಗ್ಗೆ ನೀವು ಬೆಚ್ಚಗಿನ ಹಾಲು ಸುರಿದಾಗ ಅವಕ್ಕೆ ಊಟ ಬಡಿಸಿದಂತೆ. ಹಾಲನ್ನು ಬಲ್ಕ್ ಕೂಲರಿಗೆ ಸುರಿದು ತಣಿಸಿದರೆ ಅವುಗಳ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ಅವು ಸಾಯುವುದಿಲ್ಲ. ಒಂದು ಮನೆಯ ಕೊಳೆ ಕ್ಯಾನು ಊರಿನವರೆಲ್ಲರ ಹಾಲಿನ ಗುಣಮಟ್ಟವನ್ನು ಕೆಳಗಿಳಿಸಬಲ್ಲದು.

ಇದಕ್ಕೆ ದುಬಾರಿ ಬಾಟಲಿ ಬೇಕಿಲ್ಲ. ಕಿರಾಣಿ ಅಂಗಡಿಯಲ್ಲಿ ಸಿಗುವ ಮೂರು ಸಾಮಗ್ರಿ, ಸರಿಯಾದ ಅಳತೆ, ಸರಿಯಾದ ಕ್ರಮ ಸಾಕು. ಆದರೆ ಒಂದನ್ನೊಂದು ಬೆರೆಸಬಾರದು. ಏಕೆಂದು ಮುಂದೆ ಹೇಳುತ್ತೇನೆ.

ಹಾಲಿನ ಕೊಳೆ ಮೂರು ಬಗೆ

ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಉಳಿದದ್ದು ಕೊಬ್ಬು, ಪ್ರೋಟೀನು, ಸಕ್ಕರೆ ಮತ್ತು ಖನಿಜ. ಸಕ್ಕರೆ ಬರಿಯ ನೀರಿನಲ್ಲಿ ಕರಗಿ ಹೋಗುತ್ತದೆ. ಉಳಿದ ಮೂರೂ ಪಾತ್ರೆಗೆ ಅಂಟಿಕೊಳ್ಳುತ್ತವೆ, ಒಂದೊಂದಕ್ಕೂ ಬೇರೆ ಬೇರೆ ಉಪಾಯ ಬೇಕು.

ಪ್ರೋಟೀನು: ಇದಕ್ಕೆ ಬಿಸಿ ತಾಗಿದರೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಅಂಟುತ್ತದೆ. ಅದಕ್ಕಾಗಿ ಹಾಲಿನ ಪಾತ್ರೆಗೆ ಮೊದಲು ಬಿಸಿನೀರು ಹಾಕಬಾರದು. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಿಂದಲೇ ಆರಂಭ.

ಕೊಬ್ಬು: ತಣ್ಣೀರಿಗೆ ಬಗ್ಗುವುದಿಲ್ಲ. ಬಿಸಿನೀರಿನ ಜೊತೆ ಕ್ಷಾರ, ಅಂದರೆ ಸೋಡಾ ಸೇರಿದರೆ ಸಡಿಲವಾಗಿ ಬಿಟ್ಟು ಬರುತ್ತದೆ. ಉಳಿದ ಪ್ರೋಟೀನನ್ನೂ ಸೋಡಾ ಕರಗಿಸುತ್ತದೆ.

ಖನಿಜ: ಹಾಲಿನ ಸುಣ್ಣದಂಶ ಮತ್ತು ಗಡಸು ನೀರಿನ ಸುಣ್ಣದಂಶ ಸೇರಿ ಕಟ್ಟುವುದೇ ಹಾಲುಗಲ್ಲು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಆಳದ ಕೊಳವೆಬಾವಿ ನೀರು ಬಳಸುವವರಿಗೆ ಇದು ಚೆನ್ನಾಗಿ ಗೊತ್ತು. ಸೋಪು ನೊರೆ ಬರುವುದಿಲ್ಲ, ನಲ್ಲಿಯ ಬಾಯಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಇದಕ್ಕೆ ಸೋಡಾ, ಸೋಪು ಎಷ್ಟು ಉಜ್ಜಿದರೂ ವ್ಯರ್ಥ. ಹುಳಿ ಮಾತ್ರ ಇದನ್ನು ಕರಗಿಸುತ್ತದೆ.

ಮೊದಲನೆಯ ದ್ರಾವಣ: ಸೋಡಾ ನೀರು (ದಿನಕ್ಕೆ ಎರಡು ಬಾರಿ)

ಬೇಕಾದದ್ದು: ವಾಷಿಂಗ್ ಸೋಡಾ, ಅಂದರೆ ಬಟ್ಟೆ ಸೋಡಾ.
ಅಳತೆ: ಒಂದು ಲೀಟರ್ ಬಿಸಿನೀರಿಗೆ 10 ಗ್ರಾಂ, ಸುಮಾರು ಎರಡು ಟೀ ಚಮಚ.

ನೀರು ಕೈ ತಾಳುವಷ್ಟು ಬಿಸಿ ಇರಲಿ. ಎರಡು ಹಸು ಇರುವ ಮನೆಗೆ ಒಂದು ಹೊತ್ತಿಗೆ ಎರಡು ಲೀಟರ್ ದ್ರಾವಣ ಸಾಕು. ಅಂದರೆ ದಿನಕ್ಕೆ 40 ಗ್ರಾಂ, ತಿಂಗಳಿಗೆ ಸುಮಾರು ಒಂದೂಕಾಲು ಕಿಲೋ ಸೋಡಾ. ನಿಮ್ಮೂರ ಅಂಗಡಿಯ ದರದಲ್ಲಿ ಲೆಕ್ಕ ಹಾಕಿ, ಒಂದು ಹೊತ್ತಿನ ಹಾಲು ವಾಪಸ್ ಬಂದರೆ ಆಗುವ ನಷ್ಟದ ಪಕ್ಕ ಇಟ್ಟು ನೋಡಿ.

ಉಜ್ಜಲು ಪ್ಲಾಸ್ಟಿಕ್ ಬ್ರಷ್ ಅಥವಾ ಶುದ್ಧವಾದ ತೆಂಗಿನ ನಾರು ಬಳಸಿ. ಸ್ಟೀಲ್ ಉಜ್ಜುಗ ಬೇಡ. ಅದು ಎಳೆಯುವ ಒಂದೊಂದು ಗೀರೂ ರೋಗಾಣುಗಳಿಗೆ ಮನೆಯಾಗುತ್ತದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಚರ್ಮ ಒಡೆಯುವುದಿಲ್ಲ.

ಅಲ್ಯೂಮಿನಿಯಂ ಕ್ಯಾನ್ ಇದ್ದವರು ಗಮನಿಸಿ. ವಾಷಿಂಗ್ ಸೋಡಾ ಅಲ್ಯೂಮಿನಿಯಂ ಲೋಹವನ್ನೇ ತಿನ್ನುತ್ತದೆ, ಪಾತ್ರೆ ಕಪ್ಪಾಗಿ ಗುಳಿ ಬೀಳುತ್ತದೆ. ಅಂಥ ಕ್ಯಾನಿಗೆ ಪಾತ್ರೆ ತೊಳೆಯುವ ಸೌಮ್ಯ ದ್ರವವನ್ನು ಬಿಸಿನೀರಿಗೆ ಕೆಲವು ಹನಿ ಹಾಕಿ ಬಳಸಿ. ಸಾಧ್ಯವಾದರೆ ಬೆಸುಗೆ ಗುರುತು ಇಲ್ಲದ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗೆ ಬದಲಾಯಿಸಿ.

ಎರಡನೆಯ ದ್ರಾವಣ: ಹುಳಿ ನೀರು (ವಾರಕ್ಕೊಮ್ಮೆ)

ಬೇಕಾದದ್ದು: ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಅಥವಾ ಬಿಳಿ ವಿನೆಗರ್.
ಅಳತೆ: ಒಂದು ಲೀಟರ್ ಬೆಚ್ಚಗಿನ ನೀರಿಗೆ 10 ಗ್ರಾಂ ನಿಂಬೆ ಉಪ್ಪು. ವಿನೆಗರ್ ಆದರೆ ಒಂದು ಲೋಟಕ್ಕೆ ಒಂದು ಲೋಟ ನೀರು.

ಸೋಡಾದಿಂದ ತೊಳೆದು, ಸೋಡಾ ಪೂರ್ತಿ ಹೋಗುವಂತೆ ಜಾಲಿಸಿದ ಮೇಲೆ ಈ ದ್ರಾವಣವನ್ನು ಕ್ಯಾನಿನ ಒಳಗೋಡೆಗೆಲ್ಲ ತಾಗುವಂತೆ ಹಾಕಿ. 15ರಿಂದ 20 ನಿಮಿಷ ಆಗಾಗ ತಿರುಗಿಸುತ್ತಿರಿ. ಆಮೇಲೆ ಬ್ರಷ್‌ನಿಂದ ಉಜ್ಜಿ, ಶುದ್ಧ ನೀರಿನಲ್ಲಿ ಎರಡು ಬಾರಿ ಜಾಲಿಸಿ. ಹಳೆಯ ದಪ್ಪ ಪದರ ಒಂದೇ ಸಲಕ್ಕೆ ಹೋಗದಿದ್ದರೆ ಮರುದಿನ ಮತ್ತೆ ಮಾಡಿ. ಚಾಕುವಿನಿಂದ ಕೆರೆಯಬೇಡಿ.

ನಿಂಬೆ ಉಪ್ಪು ಸಿಗದಿದ್ದರೆ ಹುಣಸೆಹಣ್ಣು ಆಗುತ್ತದೆಯೇ? ಆಗುತ್ತದೆ. ಹಿತ್ತಾಳೆ ಪಾತ್ರೆಗೆ ನಮ್ಮ ಮನೆಗಳಲ್ಲಿ ಹುಣಸೆ ಹಚ್ಚುವುದು ಅದರ ಹುಳಿಯ ಗುಣಕ್ಕಾಗಿಯೇ. ದೊಡ್ಡ ನಿಂಬೆ ಗಾತ್ರದ ಹುಣಸೆಯನ್ನು ಬಿಸಿನೀರಿನಲ್ಲಿ ಕಿವುಚಿ, ನಾರು ತಿರುಳು ಉಳಿಯದಂತೆ ಬಟ್ಟೆಯಲ್ಲಿ ಸೋಸಿ ಬಳಸಿ. ತಿರುಳು ಅಂಚಿನಲ್ಲಿ ಅಂಟಿಕೊಂಡರೆ ಅದೇ ಹೊಸ ಕೊಳೆಯಾಗುತ್ತದೆ. ಹಾಗಾಗಿ ಹಾಲಿನ ಪಾತ್ರೆಗೆ ನಿಂಬೆ ಉಪ್ಪೇ ಅನುಕೂಲ.

ಮೂರನೆಯ ದ್ರಾವಣ: ಕ್ಲೋರಿನ್ ನೀರು (ಕುದಿಯುವ ನೀರು ಸಾಧ್ಯವಿಲ್ಲದ ಕಡೆ)

ತೊಳೆದ ಪಾತ್ರೆಗೆ ಕುದಿಯುವ ನೀರು ಸುರಿದು, ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸಿದರೆ ರೋಗಾಣು ನಾಶಕ್ಕೆ ಬೇರೇನೂ ಬೇಡ. ಇದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುರಕ್ಷಿತ. ಮಳೆಗಾಲದಲ್ಲಿ ಸೌದೆ ಒದ್ದೆ, ಬಿಸಿಲೂ ಇಲ್ಲ ಎಂದಾಗ ಬ್ಲೀಚಿಂಗ್ ಪುಡಿ ನೆರವಿಗೆ ಬರುತ್ತದೆ.

ಅಳತೆ: 10 ಲೀಟರ್ ನೀರಿಗೆ ಮಟ್ಟಸವಾದ ಎರಡು ಟೀ ಚಮಚ, ಸುಮಾರು 7ರಿಂದ 8 ಗ್ರಾಂ. ಹೆಚ್ಚು ಬೇಡ.

ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ ಅರ್ಧ ಗಂಟೆ ಬಿಡಿ. ತಳಕ್ಕೆ ಸುಣ್ಣ ಇಳಿಯುತ್ತದೆ, ಮೇಲಿನ ತಿಳಿನೀರನ್ನು ಮಾತ್ರ ಬಳಸಿ. ತೊಳೆದ ಕ್ಯಾನಿನೊಳಗೆ ಐದು ನಿಮಿಷ ಆಡಿಸಿ ಚೆಲ್ಲಿ, ಕುಡಿಯುವ ನೀರಿನಿಂದ ಒಮ್ಮೆ ಜಾಲಿಸಿ, ಬೋರಲು ಹಾಕಿ. ರಾತ್ರಿಯಿಡೀ ಬಿಟ್ಟರೆ ಸ್ಟೀಲಿಗೂ ಚುಕ್ಕೆ ಬೀಳುತ್ತದೆ.

ಎರಡು ಮಾತು ನೆನಪಿರಲಿ. ಮೊದಲನೆಯದು, ಪಾತ್ರೆಯಲ್ಲಿ ಹಾಲಿನ ಕೊಳೆ ಉಳಿದಿದ್ದರೆ ಕ್ಲೋರಿನ್ ಶಕ್ತಿಯೆಲ್ಲ ಆ ಕೊಳೆಗೇ ಖರ್ಚಾಗುತ್ತದೆ, ರೋಗಾಣು ಹಾಗೇ ಉಳಿಯುತ್ತದೆ. ಆದ್ದರಿಂದ ಮೊದಲು ತೊಳೆಯುವುದು, ಆಮೇಲೆ ಕ್ಲೋರಿನ್. ಎರಡನೆಯದು, ಬ್ಲೀಚಿಂಗ್ ಪುಡಿ ಗಾಳಿ, ಬಿಸಿಲು, ತೇವ ತಾಗಿದರೆ ಸತ್ವ ಕಳೆದುಕೊಳ್ಳುತ್ತದೆ. ವಾಸನೆಯೇ ಇಲ್ಲದ, ಗಂಟು ಕಟ್ಟಿದ ಹಳೆಯ ಪುಡಿ ಹಾಕಿ ಸಮಾಧಾನಪಟ್ಟುಕೊಳ್ಳಬೇಡಿ. ಬೇಕಾದಷ್ಟೇ ಕೊಂಡು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆರಳಲ್ಲಿಡಿ. ಪ್ರತಿ ಸಲ ದ್ರಾವಣವನ್ನು ಹೊಸದಾಗಿ ಮಾಡಿಕೊಳ್ಳಿ.

ಪ್ರತಿದಿನದ ಕ್ರಮ

1. ಹಾಲು ಸುರಿದ ಕೂಡಲೇ, ಒಣಗುವ ಮುಂಚೆ, ತಣ್ಣೀರಿನಲ್ಲಿ ಜಾಲಿಸಿ. ಸಂಘದಿಂದ ಬಂದು ಕ್ಯಾನನ್ನು ಮೂಲೆಯಲ್ಲಿಟ್ಟು ಹೊಲಕ್ಕೆ ಹೋದರೆ ಮಧ್ಯಾಹ್ನಕ್ಕೆ ಕೆಲಸ ಮೂರು ಪಟ್ಟಾಗುತ್ತದೆ.
2. ಬಿಸಿ ಸೋಡಾ ನೀರು ಹಾಕಿ ಬ್ರಷ್‌ನಿಂದ ಉಜ್ಜಿ. ಕುತ್ತಿಗೆಯ ತಿರುವು, ಹಿಡಿಕೆಯ ಬುಡ, ಮುಚ್ಚಳದ ಒಳಬದಿ ಮರೆಯಬೇಡಿ.
3. ಮುಚ್ಚಳದ ರಬ್ಬರ್ ರಿಂಗ್ ಬಿಚ್ಚಿ ತೊಳೆಯಿರಿ. ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಹೊರಗೆ ಫಳಫಳ ಹೊಳೆಯುವ ಕ್ಯಾನಿನ ರಿಂಗ್ ಅಡಿಯಲ್ಲಿ ಮೊಸರಿನಂತೆ ಕೊಳೆತ ಹಾಲು ಕಂಡದ್ದು ಎಷ್ಟೋ ಸಲ.
4. ಶುದ್ಧ ನೀರಿನಲ್ಲಿ ಕನಿಷ್ಠ ಎರಡು ಬಾರಿ ಜಾಲಿಸಿ. ಕೈಗೆ ಜಾರುವ ಅನುಭವ ಇದ್ದರೆ ಸೋಡಾ ಉಳಿದಿದೆ, ಮತ್ತೊಮ್ಮೆ ಜಾಲಿಸಿ.
5. ಕುದಿಯುವ ನೀರು ಸುರಿದು ಸುತ್ತ ಆಡಿಸಿ ಚೆಲ್ಲಿ.
6. ನೆಲಕ್ಕೆ ತಾಗದಂತೆ ಸ್ಟ್ಯಾಂಡ್ ಮೇಲೆ ಓರೆಯಾಗಿ ಬೋರಲು ಹಾಕಿ, ಬಿಸಿಲಲ್ಲಿ ಒಣಗಿಸಿ. ನೆಲದ ಮೇಲೆ ನೇರ ಬೋರಲು ಹಾಕಿದರೆ ಒಳಗೆ ಗಾಳಿಯಾಡುವುದಿಲ್ಲ.
7. ಹಾಲು ಸೋಸುವ ಬಟ್ಟೆಯನ್ನು ತಣ್ಣೀರು, ಸೋಡಾ ನೀರು ಎರಡರಲ್ಲೂ ತೊಳೆದು, ಐದು ನಿಮಿಷ ಕುದಿಸಿ, ಹಿಂಡಿ ಬಿಸಿಲಿಗೆ ಹರವಿ. ಹಸಿಯಾಗಿ ಮಡಚಿಟ್ಟ ಬಟ್ಟೆಯಲ್ಲಿ ಸೋಸಿದರೆ ಹಾಲಿಗೆ ಕೊಳೆ ಬೆರೆಸಿದ ಹಾಗೆ.

ಹಾಲು ಕರೆಯುವ ಯಂತ್ರ ಇರುವವರು ಅದಕ್ಕೆ ಈ ಮನೆ ದ್ರಾವಣ ಬಳಸಬೇಡಿ. ರಬ್ಬರ್ ಲೈನರು, ಕೊಳವೆಗಳಿಗೆ ಯಂತ್ರದ ಕಂಪನಿಯವರು ಹೇಳಿದ ದ್ರಾವಣವನ್ನೇ ಅವರು ಹೇಳಿದ ಅಳತೆಯಲ್ಲಿ ಬಳಸಿ.

ಯಾವುದನ್ನೂ ಯಾವುದರ ಜೊತೆಗೂ ಬೆರೆಸಬೇಡಿ

ಈ ಭಾಗವನ್ನು ಮನೆಯಲ್ಲಿ ಪಾತ್ರೆ ತೊಳೆಯುವವರೆಲ್ಲರಿಗೂ ಓದಿ ಹೇಳಿ. ಆ ಕೆಲಸ ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು, ಅದೂ ಗಾಳಿ ಬೆಳಕು ಕಡಿಮೆ ಇರುವ ಬಚ್ಚಲಿನಲ್ಲಿ.

ಬ್ಲೀಚಿಂಗ್ ಪುಡಿ ಮತ್ತು ಹುಳಿ: ನಿಂಬೆ, ವಿನೆಗರ್, ಹುಣಸೆ, ಶೌಚಾಲಯ ತೊಳೆಯುವ ಆಸಿಡ್ ಇವುಗಳಲ್ಲಿ ಯಾವುದು ಬ್ಲೀಚಿಂಗ್ ಪುಡಿಗೆ ಸೇರಿದರೂ ಕ್ಲೋರಿನ್ ಅನಿಲ ಏಳುತ್ತದೆ. ಇದು ವಿಷಾನಿಲ. ಕಣ್ಣುರಿ, ಕೆಮ್ಮು, ಎದೆ ಬಿಗಿತ ಶುರುವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಕುತ್ತು. "ಎರಡೂ ಸೇರಿಸಿದರೆ ಬೇಗ ಬೆಳ್ಳಗಾಗುತ್ತದೆ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಬ್ಲೀಚಿಂಗ್ ಪುಡಿ ಮತ್ತು ಗಂಜಲ: ಗಂಜಲ ನಿಂತ ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ವಾಸನೆ ಅಮೋನಿಯಾದ್ದು. ಅದರ ಮೇಲೆ ಬ್ಲೀಚಿಂಗ್ ಪುಡಿ ಎರಚಿದರೆ ಇನ್ನೊಂದು ಬಗೆಯ ವಿಷಗಾಳಿ ಏಳುತ್ತದೆ. ಅದು ನಿಮ್ಮ ಕಣ್ಣು, ಗಂಟಲನ್ನು ಉರಿಸುವುದಲ್ಲದೆ ಕಟ್ಟಿದ ಹಸು ಕರುಗಳಿಗೂ ತೊಂದರೆ. ರಾಸುಗಳನ್ನು ಹೊರಗೆ ಕಟ್ಟಿ, ಸಗಣಿ ಗಂಜಲ ಬಳಿದು, ನೀರು ಹೊಡೆದು ತೊಳೆದ ಮೇಲೆಯೇ ಬ್ಲೀಚಿಂಗ್ ಬಳಸಿ.

ಸೋಡಾ ಮತ್ತು ಹುಳಿ: ಇವೆರಡು ಸೇರಿದರೆ ಭರ್ರನೆ ನೊರೆ ಉಕ್ಕುತ್ತದೆ. ನೋಡಲು ಭಾರಿ ಕೆಲಸ ಮಾಡಿದಂತೆ ಕಾಣುತ್ತದೆ. ಆದರೆ ಕ್ಷಾರವೂ ಹುಳಿಯೂ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ಸಪ್ಪೆ ಉಪ್ಪುನೀರು. ವಿಷವೇನಿಲ್ಲ, ಆದರೆ ಎರಡರ ಹಣವೂ ನೀರುಪಾಲು. ಮುಚ್ಚಿದ ಬಾಟಲಿಯಲ್ಲಿ ಬೆರೆಸಿದರೆ ಅನಿಲದ ಒತ್ತಡಕ್ಕೆ ಬಾಟಲಿ ಸಿಡಿಯಲೂಬಹುದು.

ಯಾರಿಗಾದರೂ ಈ ಗಾಳಿ ಕುಡಿದು ಉಸಿರು ಕಟ್ಟಿದಂತಾದರೆ ತಕ್ಷಣ ಹೊರಗೆ ತೆರೆದ ಗಾಳಿಗೆ ಕರೆತನ್ನಿ, ಕೂರಿಸಿ, ಕಣ್ಣನ್ನು ಧಾರಾಳ ನೀರಿನಿಂದ 15 ನಿಮಿಷ ತೊಳೆಯಿರಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಡಬ್ಬಿಗಳ ಮೇಲೆ ಹೆಸರು ಬರೆಯಿರಿ

ಪಶುವೈದ್ಯನಾಗಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಇದು. ಹಸು ಅಕ್ಕಿಯನ್ನೋ ರಾಗಿ ಹಿಟ್ಟನ್ನೋ ಅತಿಯಾಗಿ ತಿಂದು ಹೊಟ್ಟೆ ಕೆಟ್ಟಾಗ ನಾವು ಅಡುಗೆ ಸೋಡಾ ಕುಡಿಸಲು ಹೇಳುವುದುಂಟು. ಅಡುಗೆ ಸೋಡಾ ಬೇರೆ, ಬಟ್ಟೆ ಸೋಡಾ ಬೇರೆ. ಬಟ್ಟೆ ಸೋಡಾ ಬಹಳ ತೀಕ್ಷ್ಣ. ಗಾಬರಿಯಲ್ಲಿ, ರಾತ್ರಿ ಹೊತ್ತಿನಲ್ಲಿ, ಹೆಸರಿಲ್ಲದ ಡಬ್ಬಿಯಿಂದ ಅದನ್ನು ಕುಡಿಸಿದರೆ ಹಸುವಿನ ಬಾಯಿ, ಗಂಟಲು, ಹೊಟ್ಟೆ ಸುಟ್ಟುಹೋಗುತ್ತದೆ. ಹಾಗೆಯೇ ಬಟ್ಟೆ ಸೋಡಾ ನೋಡಲು ಉಪ್ಪಿನಂತೆಯೇ ಇರುವುದರಿಂದ ಲವಣ ಮಿಶ್ರಣದ ಪಕ್ಕ ಇಡಲೇಬೇಡಿ.

ಮೂರೂ ಸಾಮಗ್ರಿಗಳಿಗೆ ಪ್ರತ್ಯೇಕ ಡಬ್ಬಿ ಇರಲಿ. ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿ. ಹಿಂಡಿ, ಬೂಸಾ, ಮೇವಿನಿಂದ ದೂರ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ಯಾವ ದ್ರಾವಣವನ್ನೂ ಕುಡಿಯುವ ನೀರಿನ, ಜ್ಯೂಸಿನ ಹಳೇ ಬಾಟಲಿಗೆ ತುಂಬಬೇಡಿ. ಬಾಯಾರಿದ ಮಗು ಬಾಟಲಿ ನೋಡುತ್ತದೆಯೇ ಹೊರತು ಒಳಗಿರುವುದನ್ನಲ್ಲ.

ಸೋಡಾ ಇರಬೇಕಾದದ್ದು ಪಾತ್ರೆ ತೊಳೆಯುವ ನೀರಿನಲ್ಲಿ

ಹಾಲು ಹುಳಿಯಾಗುತ್ತದೆ ಎಂಬ ಭಯಕ್ಕೆ ಚಿಟಿಕೆ ಸೋಡಾವನ್ನು ಹಾಲಿಗೇ ಹಾಕುವವರು ಇದ್ದಾರೆ. ಇದು ಕಲಬೆರಕೆ. ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಅಪರಾಧ. ಸೋಡಾ ಹಾಕಿದರೆ ಹುಳಿ ಮರೆಯಾಗುತ್ತದೆ, ರೋಗಾಣುಗಳು ಮಾತ್ರ ಹಾಗೆಯೇ ಬೆಳೆಯುತ್ತಿರುತ್ತವೆ. ಆ ಹಾಲು ಕುಡಿಯುವುದು ಯಾರದೋ ಮನೆಯ ಕೂಸು.

ರೋಸಾಲಿಕ್ ಆಸಿಡ್ ಪರೀಕ್ಷೆಯಲ್ಲಿ ಸೋಡಾ ಇರುವ ಹಾಲು ಗುಲಾಬಿ ಕೆಂಪು ಬಣ್ಣಕ್ಕೆ ತಿರುಗಿ ಸಿಕ್ಕಿಬೀಳುತ್ತದೆ. ಬೇಕೆಂದೇ ಹಾಕಿದ್ದೋ, ತೊಳೆದ ನೀರು ತಳದಲ್ಲಿ ಉಳಿದಿತ್ತೋ ಎಂದು ಪರೀಕ್ಷೆಗೆ ಗೊತ್ತಾಗುವುದಿಲ್ಲ. ಆದ್ದರಿಂದಲೇ ಎರಡು ಬಾರಿ ಜಾಲಿಸಿ, ಬೋರಲು ಹಾಕಿ ನೀರು ಪೂರ್ತಿ ಇಳಿಸಿ ಎಂದು ಒತ್ತಿ ಹೇಳುತ್ತಿರುವುದು. ನಿಮ್ಮ ಹೆಸರಿನ ಮುಂದೆ ಕಲಬೆರಕೆಯ ಅನುಮಾನ ಬರಬಾರದು.

ಸಾಚಾ ಸ್ವಚ್ಛತೆಯನ್ನು ತೋರಿಸುವ ಪರೀಕ್ಷೆ ಬೇರೆಯೇ ಇದೆ. 10 ಮಿ.ಲೀ. ಹಾಲಿಗೆ 1 ಮಿ.ಲೀ. ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಸೇರಿಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಡುತ್ತಾರೆ. ರೋಗಾಣು ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯ. 5 ಗಂಟೆ ಅಥವಾ ಹೆಚ್ಚು ಹೊತ್ತು ನೀಲಿ ಉಳಿದರೆ ಅತ್ಯುತ್ತಮ ಹಾಲು, ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಕಳಪೆ. ಹಸು ಅದೇ, ಮೇವು ಅದೇ ಇದ್ದರೂ ಕೊಳೆ ಕ್ಯಾನು ಈ ಸಮಯವನ್ನು ಕಡಿಮೆ ಮಾಡಿಬಿಡುತ್ತದೆ.

ಕೊಟ್ಟಿಗೆ ಮತ್ತು ಮನೆಯ ಕಿಟಕಿ ಗಾಜಿಗೆ

ಕ್ಯಾನಿಗೆ ತಂದ ವಿನೆಗರ್ ಉಳಿದಿದ್ದರೆ ಕಿಟಕಿ ಗಾಜಿಗೂ ಬಳಸಿ. ಕೊಟ್ಟಿಗೆಯ ಗಾಜು ಜೇಡರ ಬಲೆ, ಹೊಟ್ಟಿನ ಧೂಳು, ನೊಣದ ಕಲೆಯಿಂದ ಮಬ್ಬಾದರೆ ಒಳಗೆ ಬೆಳಕು ಬೀಳುವುದಿಲ್ಲ. ಕೆಚ್ಚಲು ಬಾವು ಮೊದಲು ಕಾಣಿಸುವುದು ಮೊದಲ ನಾಲ್ಕು ಧಾರೆಯ ಹಾಲಿನ ಸಣ್ಣ ಗರಣೆಯಲ್ಲಿ. ಕತ್ತಲಲ್ಲಿ ಕರೆದರೆ ಅದು ಯಾರ ಕಣ್ಣಿಗೂ ಬೀಳದು.

ಗಾಜಿನ ದ್ರಾವಣ: ಒಂದು ಲೋಟ ಬಿಳಿ ವಿನೆಗರ್, ಎರಡು ಲೋಟ ನೀರು. ಜಿಡ್ಡು ಹೆಚ್ಚಿದ್ದರೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ.

ಮೊದಲು ಒಣ ಬಟ್ಟೆಯಿಂದ ಧೂಳು ಝಾಡಿಸಿ, ಬರಿ ನೀರಿನಲ್ಲಿ ಒರೆಸಿ. ಮಣ್ಣಿನ ಮೇಲೆ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಆಮೇಲೆ ದ್ರಾವಣ ಸಿಂಪಡಿಸಿ, ಮುದುರಿದ ಹಳೆಯ ದಿನಪತ್ರಿಕೆ ಅಥವಾ ಹಳೇ ಹತ್ತಿ ಪಂಚೆಯಿಂದ ಒಣಗುವವರೆಗೆ ಒರೆಸಿ. ಬಿಸಿಲು ನೇರ ಬೀಳುವ ಹೊತ್ತಿನಲ್ಲಿ ಮಾಡಬೇಡಿ, ದ್ರಾವಣ ಬೇಗ ಆರಿ ಗೆರೆ ಉಳಿಯುತ್ತದೆ. ನಿಂಬೆ ಉಪ್ಪಿನ ನೀರೂ ಆಗುತ್ತದೆ, ಆದರೆ ಅದು ವಿನೆಗರಿನಂತೆ ಆರಿಹೋಗದೆ ಅಂಟು ಬಿಡುವುದರಿಂದ ಕೊನೆಗೆ ಬರಿ ನೀರಿನಿಂದ ಒರೆಸಬೇಕು. ಮಾಡಿನ ಪ್ಲಾಸ್ಟಿಕ್, ಫೈಬರ್ ಶೀಟಿಗೆ ಮೆತ್ತನೆ ಬಟ್ಟೆ, ಸೋಪು ನೀರು ಸಾಕು.

ಒಂದು ಎಚ್ಚರಿಕೆ: ಶಹಾಬಾದ್ ಕಲ್ಲು, ಕಡಪ ಕಲ್ಲು ಸುಣ್ಣದ ಜಾತಿಯ ಕಲ್ಲುಗಳು. ಹುಳಿ ಬಿದ್ದರೆ ಹೊಳಪು ಹೋಗಿ ತರಿತರಿಯಾಗುತ್ತವೆ. ಹುಳಿ ನೀರು ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಕೆಚ್ಚಲಿಗೆ ಈ ದ್ರಾವಣ ಬೇಡ

ಮೇಲೆ ಹೇಳಿದ್ದೆಲ್ಲ ಪಾತ್ರೆಗೆ, ಗಾಜಿಗೆ ಮಾತ್ರ. ಸೋಡಾ, ವಿನೆಗರ್, ಬ್ಲೀಚಿಂಗ್ ನೀರು ಯಾವುದನ್ನೂ ಕೆಚ್ಚಲಿಗೆ ಹಚ್ಚಬೇಡಿ. ಮೊಲೆಯ ಚರ್ಮ ಒಣಗಿ ಬಿರಿದರೆ ಆ ಬಿರುಕಿನಲ್ಲೇ ಕೆಚ್ಚಲು ಬಾವಿನ ರೋಗಾಣುಗಳು ಬೀಡುಬಿಡುತ್ತವೆ. ಕರೆಯುವ ಮುಂಚೆ ಶುದ್ಧ ನೀರಿನಿಂದ ತೊಳೆದು ಒಣ ಬಟ್ಟೆಯಿಂದ ಒರೆಸಿ, ಒಂದೊಂದು ಹಸುವಿಗೂ ಬೇರೆ ಬಟ್ಟೆ ಇರಲಿ. ಕರೆದ ಮೇಲೆ ಮೊಲೆ ಅದ್ದಲು ಅಯೋಡಿನ್ ದ್ರಾವಣ ತಯಾರಾಗಿಯೇ ಸಿಗುತ್ತದೆ, ನಿಮ್ಮ ಪಶುವೈದ್ಯರನ್ನು ಕೇಳಿ. ಮೊಲೆಯ ರಂಧ್ರ ಮುಚ್ಚಲು ಅರ್ಧ ಗಂಟೆಯಾದರೂ ಬೇಕು, ಅಷ್ಟು ಹೊತ್ತು ಹಸು ಮಲಗದಂತೆ ಮುಂದೆ ಮೇವು ಹಾಕಿ.

ನೀವು ಕೇಳುವ ಪ್ರಶ್ನೆಗಳು

"ನಮ್ಮಜ್ಜಿ ಬೂದಿಯಲ್ಲೇ ತೊಳೀತಿದ್ರು, ಹಾಲು ಕೆಡ್ತಿರಲಿಲ್ಲ ಸಾರ್." ಅಜ್ಜಿ ಮಾಡಿದ್ದು ಸರಿಯೇ. ಸೌದೆ ಬೂದಿಯಲ್ಲಿ ಕ್ಷಾರವಿದೆ, ಜಿಡ್ಡು ತೆಗೆಯುತ್ತದೆ. ಅವರು ಮನೆ ಬಳಕೆಗೆ ಕರೆದು ಕೂಡಲೇ ಕಾಯಿಸುತ್ತಿದ್ದರು. ನಮ್ಮ ಹಾಲು ಗಂಟೆಗಟ್ಟಲೆ ಪ್ರಯಾಣ ಮಾಡಬೇಕು. ಬೂದಿಯ ಹರಳು ಪಾತ್ರೆಗೆ ಗೀರು ಹಾಕುತ್ತದೆ, ಅದರ ಜೊತೆ ಮಣ್ಣು ಸೇರಿದರೆ ರೋಗಾಣುಗಳೂ ಸೇರುತ್ತವೆ. ಸೋಡಾ ಅದೇ ಕೆಲಸವನ್ನು ಗೀರಿಲ್ಲದೆ ಮಾಡುತ್ತದೆ.

"ಪ್ಲಾಸ್ಟಿಕ್ ಬಕೆಟ್ಟಿಗೆ ಕರೆದರೆ ಏನು?" ಪ್ಲಾಸ್ಟಿಕ್ಕಿಗೆ ಬೇಗ ಗೀರು ಬೀಳುತ್ತದೆ, ಜಿಡ್ಡು ಬಿಡುವುದಿಲ್ಲ, ಕುದಿನೀರು ತಾಳುವುದಿಲ್ಲ. ಎಷ್ಟು ತೊಳೆದರೂ ವಾಸನೆ ಉಳಿಯುತ್ತದೆ. ಬಣ್ಣದ ಅಥವಾ ಗೊಬ್ಬರದ ಖಾಲಿ ಬಕೆಟ್ಟನ್ನಂತೂ ಹಾಲಿಗೆ ಮುಟ್ಟಿಸಬೇಡಿ.

"ಸೋಡಾ ಜಾಸ್ತಿ ಹಾಕಿದ್ರೆ ಬೇಗ ಕ್ಲೀನ್ ಆಗಲ್ವಾ?" ಆಗುವುದಿಲ್ಲ. ಜಾಲಿಸಲು ಹೆಚ್ಚು ನೀರು ಬೇಕಾಗುತ್ತದೆ, ಕೈ ಒಡೆಯುತ್ತದೆ. ಕೊಳೆ ಬಿಡಿಸುವುದು ಬಿಸಿ, ಬ್ರಷ್ ಮತ್ತು ಸಮಯ. ಸೋಡಾ ಅವಕ್ಕೆ ನೆರವು.

"ಎಲ್ಲಾ ಮಾಡಿದ್ರೂ ಹಾಲು ಒಡೆದರೆ?" ಆಗ ನಮ್ಮನ್ನು ಕರೆಯಿರಿ. ಕಣ್ಣಿಗೆ ಕಾಣದ ಕೆಚ್ಚಲು ಬಾವು ಇರಬಹುದು. ಗಿಣ್ಣುಹಾಲು ಬೆರೆತಿದ್ದರೂ ಕಾಯಿಸಿದಾಗ ಒಡೆಯುತ್ತದೆ. ಪಾತ್ರೆ ಶುದ್ಧವಾಗಿದೆ ಎಂದು ಖಚಿತವಿದ್ದರೆ ಕಾಯಿಲೆ ಹುಡುಕುವುದು ನಮಗೂ ಸುಲಭ, ನಿಮಗೂ ಬೇಡದ ಇಂಜೆಕ್ಷನ್ ಖರ್ಚು ಉಳಿಯುತ್ತದೆ.

ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ

• ಮೊದಲು ತಣ್ಣೀರು, ಆಮೇಲೆ ಬಿಸಿ ಸೋಡಾ ನೀರು.
• ಸೋಡಾ: ಲೀಟರಿಗೆ 10 ಗ್ರಾಂ, ದಿನಕ್ಕೆ ಎರಡು ಬಾರಿ. ಅಲ್ಯೂಮಿನಿಯಂಗೆ ಬೇಡ.
• ನಿಂಬೆ ಉಪ್ಪು: ಲೀಟರಿಗೆ 10 ಗ್ರಾಂ, ವಾರಕ್ಕೊಮ್ಮೆ.
• ಬ್ಲೀಚಿಂಗ್: 10 ಲೀಟರಿಗೆ ಎರಡು ಟೀ ಚಮಚ, ತಿಳಿನೀರು ಮಾತ್ರ, ಐದು ನಿಮಿಷ.
• ಗಾಜಿಗೆ: ಒಂದು ಲೋಟ ವಿನೆಗರ್, ಎರಡು ಲೋಟ ನೀರು.
• ಬ್ಲೀಚಿಂಗ್ ಜೊತೆ ಹುಳಿ ಬೇಡ, ಗಂಜಲ ಬೇಡ.
• ಹಾಲಿಗೆ ಸೋಡಾ ಬೇಡ, ಕೆಚ್ಚಲಿಗೆ ಯಾವ ದ್ರಾವಣವೂ ಬೇಡ.
• ಎರಡು ಬಾರಿ ಜಾಲಿಸಿ, ಬೋರಲು ಹಾಕಿ, ಬಿಸಿಲಲ್ಲಿ ಒಣಗಿಸಿ.

ಈ ಭಾನುವಾರ ಹಾಲು ಹಾಕಿ ಬಂದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಕ್ಯಾನಿನ ರಬ್ಬರ್ ರಿಂಗ್ ಬಿಚ್ಚಿ ನೋಡಿ. ಅಳತೆಯಲ್ಲಿ ಅನುಮಾನವಿದ್ದರೆ ನಿಮ್ಮ ಸಂಘದ ಕಾರ್ಯದರ್ಶಿಯವರನ್ನೋ, ಹಾಲು ಪರೀಕ್ಷಕರನ್ನೋ, ನಿಮ್ಮ ಭಾಗದ ಪಶುವೈದ್ಯರನ್ನೋ ಸಂಕೋಚವಿಲ್ಲದೆ ಕೇಳಿ.